ಮನೆ ಕಟ್ಟಬೇಡ ಅನ್ನುವ ಮುಂಚೆ

*ಪತ್ರ:* ಹೋದ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಗೇ ಲೇಖಕರ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಲೇಖನ ಚೆನ್ನಾಗಿತ್ತು. ಆದರೆ ಸಾಹಿತಿಗೆ ಇಂಥ ಹಣೆಪಟ್ಟಿ ಯಾಕೆ? ಜೇಮ್ಸ್ ಬಾಲ್ಡ್ವಿನ್ ಒಳ್ಳೆಯ ಲೇಖಕ ಅಂದರೆ ಸಾಲದೇ? ‘ಓ ನನ್ನ ಚೇತನ, ಆಗು ನೀ ಅನಿಕೇತನ’ ಎಂದು ಹಾಡಿದ ನಾಡು ನಮ್ಮದು. 1986ರಿಂದ ನಿಮ್ಮ ಎಲ್ಲ ಸಂಚಿಕೆಗಳನ್ನೂ ಬೈಂಡ್ ಮಾಡಿಸಿ ಇಟ್ಟುಕೊಂಡಿರುವ ಓದುಗನಾಗಿ ಕೇಳುತ್ತಿದ್ದೇನೆ.
— ಮೈಸೂರಿನ ಓದುಗರೊಬ್ಬರು

*ಸಂಪಾದಕರ ಉತ್ತರ:* ಬೈಂಡ್ ಮಾಡಿಸಿ ಇಟ್ಟುಕೊಳ್ಳುವ ಓದುಗರು ಇನ್ನೂ ಇದ್ದಾರೆ ಅಂತ ಗೊತ್ತಾಗಿ ಎರಡು ದಿನ ಉಬ್ಬಿಕೊಂಡೇ ಓಡಾಡಿದೆ. ಆ ಖುಷಿಯಲ್ಲೇ ನಿಮ್ಮ ಜೊತೆ ಜಗಳಕ್ಕೂ ಬರುತ್ತಿದ್ದೇನೆ.

ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಬಾಲ್ಡ್ವಿನ್‌ಗೇ ‘ಗೇ’ ಅನ್ನುವ ಪದ ಹಿಡಿಸುತ್ತಿರಲಿಲ್ಲ. 1984ರ ಒಂದು ಸಂದರ್ಶನದಲ್ಲಿ ಅದನ್ನು ನೇರವಾಗಿಯೇ ಹೇಳಿದ್ದಾರೆ. ಹಣೆಪಟ್ಟಿ ಹಚ್ಚಿದರೆ ಅಂಗಡಿಯವನು ಪುಸ್ತಕವನ್ನು ಮೂಲೆಯ ಖಾನೆಗೆ ತಳ್ಳಿಬಿಡುತ್ತಾನೆ, ಅದೂ ನಿಜ. ಒಪ್ಪಿದೆ. ನಿಮ್ಮ ಪಾಲಿಗೆ ಇಷ್ಟು ಸಾಕು ಅಲ್ವಾ?

ಈಗ ಹೇಳಿ, ಮೊದಲು ಪಟ್ಟಿ ಅಂಟಿಸಿದವರು ಯಾರು? ಬಾಲ್ಡ್ವಿನ್ ತಮ್ಮ ಎರಡನೇ ಕಾದಂಬರಿ ‘ಜಿಯೊವಾನಿಸ್ ರೂಮ್’ ಬರೆದರು. ಪ್ಯಾರಿಸ್‌ನಲ್ಲಿ ಇಬ್ಬರು ಗಂಡಸರ ಪ್ರೀತಿ, ಮುಖ್ಯ ಪಾತ್ರಗಳೆಲ್ಲ ಬಿಳಿಯರು. ನೀವು ಹೇಳುವ ಹಾಗೆ ಚೌಕಟ್ಟು ಮೀರಿದ ಬರವಣಿಗೆಯೇ. ಮೊದಲ ಕಾದಂಬರಿ ತಂದಿದ್ದ ನಾಫ್ ಪ್ರಕಾಶನ ಇದನ್ನು ಬೇಡ ಎಂದಿತು. ನೀನು ನೀಗ್ರೋ ಲೇಖಕ, ಇಂಥದ್ದು ಬರೆದರೆ ನಿನ್ನ ಓದುಗರು ದೂರ ಹೋಗುತ್ತಾರೆ ಅನ್ನುವ ಧಾಟಿ. ಹಸ್ತಪ್ರತಿಯನ್ನು ಸುಟ್ಟುಬಿಡು ಎಂದು ಏಜೆಂಟ್ ಹೇಳಿದ್ದನ್ನು ಬಾಲ್ಡ್ವಿನ್ ಆಮೇಲೆ ನೆನಪಿಸಿಕೊಂಡಿದ್ದಾರೆ. 1956ರಲ್ಲಿ ಬೇರೆಯವರು ತಂದರು. ಅವರು ಪಟ್ಟಿ ಹಚ್ಚಿಕೊಳ್ಳದೆ ಬರೆದರು, ಸ್ವಾಮಿ. ಹಚ್ಚಿದ್ದು ಎದುರು ಕುರ್ಚಿಯಲ್ಲಿ ಕೂತವರು. ಅಂದರೆ ನನ್ನಂಥ ಸಂಪಾದಕರು.

ಆ ಕಾದಂಬರಿಯ ಹೆಸರಲ್ಲೇ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಗೇ ಪುಸ್ತಕದಂಗಡಿ ಶುರುವಾಯಿತು. ಎಂಬತ್ತರ ದಶಕದಲ್ಲಿ ಅಲ್ಲಿ ಜೋಸೆಫ್ ಬೀಮ್ ಅನ್ನುವ ಕಪ್ಪು ಯುವಕ ಕೆಲಸಕ್ಕಿದ್ದ. ತಮಾಷೆ ನೋಡಿ. ಅಂಗಡಿಗೆ ಕಪ್ಪು ಲೇಖಕನ ಪುಸ್ತಕದ ಹೆಸರು, ಆದರೆ ಒಳಗೆ ಬರುವ ಪುಸ್ತಕಗಳು ಹೆಚ್ಚುಕಡಿಮೆ ಎಲ್ಲವೂ ಬಿಳಿ ಗಂಡಸರವು. ಓದಿ ಓದಿ ಬೀಮ್‌ಗೆ ಸಾಕಾಯಿತು. ಗೊಣಗಿ ಸುಮ್ನೆ ಕೂರಲಿಲ್ಲ, ಪುಣ್ಯಾತ್ಮ. ಕವಿಗಳಿಗೆ, ಕಥೆಗಾರರಿಗೆ ಕಾಗದ ಬರೆದ, ಬರಹ ಕೂಡಿಸಿದ, 1986ರಲ್ಲಿ ‘ಇನ್ ದ ಲೈಫ್’ ತಂದ. ಗೇ ಆಗಿರುವುದಕ್ಕೆ ಅಲ್ಲಿನ ಕಪ್ಪು ಜನರ ಆಡುಮಾತು ಅದು, ‘ಅವನೂ ಆ ಬದುಕಿನವನೇ’ ಅನ್ನುವ ಹಾಗೆ. ಪುಸ್ತಕದಲ್ಲಿ ಬ್ರೂಸ್ ನುಜೆಂಟ್ ಬಗ್ಗೆಯೂ ಬರಹವಿದೆ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ಒಂದೇ ಒಂದು ಸಂಚಿಕೆ ಕಂಡು ನಿಂತುಹೋದ ‘ಫೈರ್’ ಪತ್ರಿಕೆಯಲ್ಲಿ 1926ರಲ್ಲೇ ಗಂಡು ಗಂಡಿನ ಪ್ರೀತಿಯ ಕಥೆ ಬರೆದವರು ಅವರು. ಅರವತ್ತು ವರ್ಷದ ನಂತರ ಒಬ್ಬ ಹುಡುಗ ಅಜ್ಜನನ್ನು ಹುಡುಕಿಕೊಂಡ ಹಾಗಾಯಿತು. ನಿಮ್ಮ ‘ಒಳ್ಳೆಯ ಸಾಹಿತ್ಯ’ದ ಸಂಕಲನಗಳು ಇಂಥ ಹುಡುಕಾಟಕ್ಕೆ ಹೋಗುತ್ತವೆಯೇ?

ಆ ಪುಸ್ತಕದಲ್ಲಿ ಬೀಮ್‌ನದೇ ಒಂದು ಪ್ರಬಂಧವಿದೆ. ನಾನು ನಾನಾಗಿ ಮನೆಗೆ ಹೋಗಲಾರೆ, ಅದು ನನ್ನನ್ನು ನೋಯಿಸುತ್ತದೆ ಎನ್ನುತ್ತಾನೆ. ಮನೆ ಅಂದರೆ ಹೆತ್ತವರ ಮನೆ ಮಾತ್ರ ಅಲ್ಲ, ಇಡೀ ಕಪ್ಪು ಸಮುದಾಯ. ಬಿಳಿ ಗೇ ಜಗತ್ತಿನಲ್ಲಿ ಅವನು ಕಪ್ಪು, ಕಪ್ಪು ಜಗತ್ತಿನಲ್ಲಿ ಗೇ. ಕಪ್ಪು ಗಂಡಸು ಕಪ್ಪು ಗಂಡಸನ್ನು ಪ್ರೀತಿಸುವುದೇ ಈ ದಶಕದ ಕ್ರಾಂತಿ ಎಂದು ಬರೆದವನೂ ಅವನೇ. ಅವನು ಹೇಳಿದ್ದು ಬರೀ ಹಾಸಿಗೆಯ ಮಾತಲ್ಲ. ಬೀದಿಯಲ್ಲಿ ಎದುರು ಬಂದವನು ಮುಖ ತಿರುಗಿಸದೆ ಒಂದು ನಮಸ್ಕಾರ ಹೇಳಲಿ ಅನ್ನುವ ಆಸೆಯೂ ಅದರಲ್ಲಿದೆ.

ಈಗ ನಿಮ್ಮ ‘ಅನಿಕೇತನ’ಕ್ಕೆ ಬನ್ನಿ. ಅದೇ ಪದ್ಯದಲ್ಲಿ ಮುಂದೆ ‘ಎಲ್ಲಿಯೂ ನಿಲ್ಲದಿರು, ಮನೆಯನೆಂದು ಕಟ್ಟದಿರು’ ಅಂತ ಬರುತ್ತದೆ. ದೊಡ್ಡ ಮಾತು. ಆದರೆ ಯಾರಿಗೆ ಹೇಳುತ್ತಿದ್ದೀರಿ ನೋಡಿಕೊಂಡು ಹೇಳಿ. ಮನೆ ಇದ್ದವನು ಬಿಟ್ಟು ಹೊರಡಬಹುದು. ಹೊಸ್ತಿಲಿನಿಂದಲೇ ಹೊರಗಟ್ಟಿಸಿಕೊಂಡವನಿಗೆ ಮನೆ ಕಟ್ಟಬೇಡಪ್ಪಾ ಅಂದರೆ ಹೇಗೆ? ಕುವೆಂಪು ಮೇಲೆ ನನಗೆ ತಕರಾರಿಲ್ಲ. ಅವರ ಸಾಲು ಹಿಡಿದು ಇನ್ನೊಬ್ಬರ ಬಾಯಿ ಮುಚ್ಚಿಸುವವರ ಮೇಲಿದೆ. ನೀವು ಆ ಪೈಕಿ ಅಲ್ಲ ಅಂತ ನಂಬಿದ್ದೇನೆ.

ಬೀಮ್ 1988ರ ಡಿಸೆಂಬರ್‌ನಲ್ಲಿ ಏಡ್ಸ್‌ನಿಂದ ತೀರಿಕೊಂಡ. 34 ತುಂಬಲು ಇನ್ನು ಮೂರು ದಿನ ಇತ್ತು. ಎರಡನೇ ಸಂಕಲನ ಅರ್ಧಕ್ಕೆ ನಿಂತಿತ್ತು. ಆಮೇಲೆ ನಡೆದದ್ದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಅವನ ತಾಯಿ ಡೊರೊಥಿ ಬೀಮ್ ಆ ಪುಸ್ತಕ ಮುಗಿಯಲೇಬೇಕು ಎಂದು ಹಟ ಹಿಡಿದರು. ಮಗನ ಗೆಳೆಯ, ಕವಿ ಎಸೆಕ್ಸ್ ಹೆಂಫಿಲ್ ಆ ತಾಯಿಯ ಮನೆಗೇ ಬಂದು ಇದ್ದು, ಅವರ ನೆರವಿನಿಂದ ಕೆಲಸ ಮುಗಿಸಿದ. 1991ರಲ್ಲಿ ‘ಬ್ರದರ್ ಟು ಬ್ರದರ್’ ಬಂತು. ಮಗ ತಾನಾಗಿ ಹೋಗಲಾರೆ ಎಂದಿದ್ದ ಮನೆ. ಅಲ್ಲೇ ಅವನ ಪುಸ್ತಕ ಸಿದ್ಧವಾಯಿತು.

ಆ ಪೀಳಿಗೆಯ ಕಪ್ಪು ಗೇ ಲೇಖಕರಲ್ಲಿ ಅನೇಕರು ಉಳಿಯಲಿಲ್ಲ. 1992ರಲ್ಲಿ ಕವಿ ಡೊನಾಲ್ಡ್ ವುಡ್ಸ್ ಸತ್ತಾಗ ಪತ್ರಿಕೆಯಲ್ಲಿ ಹೃದಯ ಸ್ತಂಭನ ಎಂದು ಬಂತು. ಶವಸಂಸ್ಕಾರದ ನಡುವೆ ಹೈಟಿ ಮೂಲದ ಕವಿ ಅಸೊಟ್ಟೊ ಸೇಂಟ್ ಎದ್ದು ನಿಂತು, ಅವನು ಸತ್ತದ್ದು ಏಡ್ಸ್‌ನಿಂದ ಎಂದು ಎಲ್ಲರೆದುರು ಹೇಳಿಬಿಟ್ಟ. ಈ ಸೇಂಟ್ ತಾನೇ ಪುಟ್ಟ ಪ್ರಕಾಶನ ಕಟ್ಟಿ ನೂರು ಕಪ್ಪು ಗೇ ಕವಿಗಳ ಸಂಕಲನ ತಂದವನು. 1992ರಲ್ಲೇ ಕವಿ, ಕಾದಂಬರಿಕಾರ ಮೆಲ್ವಿನ್ ಡಿಕ್ಸನ್ ಸಾಯುವ ಕೆಲವು ತಿಂಗಳ ಮುಂಚೆ ಬಾಸ್ಟನ್‌ನ ಲೇಖಕರ ಸಭೆಯಲ್ಲಿ ಮಾತಾಡಿದ. ಮುಂದಿನ ಸಲ ನಾನಿಲ್ಲದಿರಬಹುದು, ಆದರೆ ಎಲ್ಲೋ ಕೂತು ನನ್ನ ಹೆಸರು ಕೇಳಿಸುತ್ತದಾ ಅಂತ ಕಿವಿಗೊಟ್ಟಿರುತ್ತೇನೆ ಎಂದ. ಸೇಂಟ್ 1994ರಲ್ಲಿ, ಹೆಂಫಿಲ್ 1995ರಲ್ಲಿ ಹೋದರು. ಹೆಂಫಿಲ್ ಕವಿತೆಗಳು ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಆಯ್ದ ಕವಿತೆಗಳ ಹೊಸ ಪುಸ್ತಕ ಬಂದದ್ದು 2025ರಲ್ಲಿ. ಹಣೆಪಟ್ಟಿ ಇದ್ದೂ ಈ ಗತಿ, ಇಲ್ಲದಿದ್ದರೆ ಯಾರು ಕೇಳುತ್ತಿದ್ದರು?

ನಮ್ಮಲ್ಲಿ ಮಾತ್ರ ಸಂಕಲನ ಮಾಡಿದವನನ್ನು ಗುಮಾಸ್ತನಂತೆ ನೋಡುತ್ತಾರೆ. ಕವಿಗೆ ಶಾಲು, ಹಾರ. ಕವಿಯ ಕಾಗದಗಳನ್ನು ಗೆದ್ದಲಿನಿಂದ ಕಾಪಾಡಿದವನಿಗೆ ಒಂದು ಥ್ಯಾಂಕ್ಸ್ ಕೂಡ ಇಲ್ಲ. ಇನ್ನು ನಮ್ಮ ನಿಧನವಾರ್ತೆಗಳು. ‘ಅಲ್ಪಕಾಲದ ಅಸೌಖ್ಯ’, ‘ಅವಿವಾಹಿತರಾಗಿದ್ದರು’. ಆ ಎರಡನೇ ಪದದ ಹಿಂದೆ ಎಷ್ಟು ಜನ ಅಡಗಿ ಕೂತಿದ್ದಾರೋ. 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂದಾಗ ಒಬ್ಬ ಹಿರಿಯರು ನನಗೆ ಫೋನ್ ಮಾಡಿ, ಕಥೆಗಳು ಚೆನ್ನಾಗಿವೆ, ಆದರೆ ಇದೆಲ್ಲ ನಮ್ಮಲ್ಲಿ ಇತ್ತೇನ್ರೀ ಎಂದು ಕೇಳಿದರು. ನಾನು ಹಾರಿಕೆಯ ಉತ್ತರ ಕೊಟ್ಟೆ. ಇತ್ತು ಅಂತ ನನಗೆ ಗೊತ್ತಿತ್ತು.

ಯಾಕೆ ಗೊತ್ತಿತ್ತು ಅಂದರೆ, 1994ರಲ್ಲಿ ಸಣ್ಣ ಊರಿನ ಮೇಷ್ಟರೊಬ್ಬರು ಒಂದು ಪದ್ಯ ಕಳಿಸಿದ್ದರು. ‘ಬಾಗಿಲಿಗೆ ಬಂದ, ಚಪ್ಪಲಿ ಬಿಡದೆ ನಿಂತ’ ಅಂತ ಶುರು. ನಾನಾಗ ಉಪಸಂಪಾದಕ. ಬರೆದವರು ಗಂಡಸು, ಪದ್ಯ ನೋಡಿದರೆ ಪ್ರೇಮಪದ್ಯ, ಕೈಬರಹದ ತಪ್ಪಿರಬೇಕು ಅಂದುಕೊಂಡೆ. ಅಥವಾ ಹಾಗಂತ ನನಗೆ ನಾನೇ ಹೇಳಿಕೊಂಡೆ. ಬಂದಳು, ನಿಂತಳು ಎಂದು ತಿದ್ದಿ ಅಚ್ಚಿಗೆ ಕೊಟ್ಟೆ. ಕನ್ನಡದಲ್ಲಿ ಒಬ್ಬ ಮನುಷ್ಯನನ್ನು ಅಳಿಸಲು ಒಂದು ‘ಳು’ ಸಾಕು. ಪುಸ್ತಕ ಸುಟ್ಟುಬಿಡು ಎಂದ ಏಜೆಂಟ್ ಆದರೂ ಅದನ್ನು ಬಾಲ್ಡ್ವಿನ್‌ಗೇ ಹೇಳಿದರು. ನಾನು ಅದನ್ನೂ ಮಾಡಲಿಲ್ಲ.

ಒಂದು ತಿಂಗಳ ನಂತರ ಪೋಸ್ಟ್‌ಕಾರ್ಡ್ ಬಂತು. ‘ಲಯ ತಪ್ಪಿದೆ ಸಾರ್’. ಅಷ್ಟೇ ಇತ್ತು. ಅವರು ಮತ್ತೆ ಏನೂ ಕಳಿಸಲಿಲ್ಲ.

ಈ ಸಂಚಿಕೆಯಲ್ಲಿ ಆ ಪದ್ಯವನ್ನು ಅವರು ಬರೆದಂತೆಯೇ ಹಾಕೋಣ ಅಂತ ಎರಡು ದಿನ ಹುಡುಕಿದೆ. ಹಸ್ತಪ್ರತಿ ಎಂದೋ ರದ್ದಿಗೆ ಹೋಗಿದೆ, ಆ ವರ್ಷದ ಸಂಪುಟವೂ ನಮ್ಮ ಕಚೇರಿಯಲ್ಲಿಲ್ಲ. ನಿಮ್ಮ ಹತ್ತಿರ ಇದೆಯಲ್ಲ. ದೀಪಾವಳಿಯ ಆಚೀಚೆ ಇರಬೇಕು, ಎಡಪುಟ, ಕೆಳಗಡೆ. ಒಂದು ಫೋಟೊ ತೆಗೆದು ಕಳಿಸಿ. ‘ಳು’ಗಳನ್ನು ನಾನು ತೆಗೆದುಕೊಳ್ಳುತ್ತೇನೆ.