ಹದಿನೈದು ವರ್ಷದ ಫೈಬರ್ ದೋಣಿ ಬೆಳ್ಳಗಾಗಿದೆ, ಪೇಂಟ್ ಹೊಡೆಸಬೇಕಾ?

ಬೇಡ, ಪೇಂಟಿಗೆ ಅವಸರ ಮಾಡಬೇಡಿ. ಗದಗ ಹತ್ತಿರ ಹೊಲದ ಕೃಷಿ ಹೊಂಡದಲ್ಲಿರುವ ಕೆಂಪು ದೋಣಿ, ಬಣ್ಣ ಮಾಸಿದೆ, ಕೈ ಆಡಿಸಿದರೆ ಪುಡಿ ಹತ್ತುತ್ತದೆ ಅಂದಿದ್ದೀರಿ. ನಾನು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಫೈಬರ್ ಕೆಲಸ ಮಾಡುತ್ತೇನೆ, ಕೆರೆಗಳ ಪೆಡಲ್ ದೋಣಿಗಳೂ ನಮ್ಮಲ್ಲಿಗೆ ಬರುತ್ತವೆ. ಆ ಪುಡಿಯ ಮೇಲೇ ಪೇಂಟ್ ಹೊಡೆದರೆ ಅದು ಹಿಡಿಯುವುದಿಲ್ಲ, ಹಪ್ಪಳದ ಹಾಗೆ ಏಳುತ್ತದೆ.

ನಿಮಗೆ ಕಾಣುತ್ತಿರುವುದು ಪೇಂಟೇ ಅಲ್ಲ, ಜೆಲ್‌ಕೋಟ್. ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್, ಅಂದರೆ ಒಣಗಿ ಗಟ್ಟಿಯಾಗುವ ಅಂಟಿನಂಥ ದ್ರವ. ದೋಣಿ ಮಾಡುವಾಗ ಅಚ್ಚಿಗೆ ಮೊದಲು ಇದನ್ನು ಬಳಿದು, ಆಮೇಲೆ ಫೈಬರ್ ಮ್ಯಾಟ್, ಅಂದರೆ ಗಾಜಿನ ನೂಲಿನ ಹಾಸು, ಕೂರಿಸುತ್ತಾರೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಬಿಸಿಲು ಮೇಲಿನ ರೆಸಿನ್ ಒಡೆದು ಪುಡಿ ಮಾಡುತ್ತದೆ. ಕೆಂಪು, ನೀಲಿ ಬಣ್ಣದಲ್ಲಿ ಇದು ಬೇಗ ಎದ್ದು ಕಾಣುತ್ತದೆ. ಆದರೆ ಕೆಳಗಿನ ಕೆಂಪು ಸಾಮಾನ್ಯವಾಗಿ ಹಾಗೇ ಇರುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಹೊಂಡಕ್ಕೆ ಬೋರಿನ ನೀರು ಬಿಟ್ಟಿದ್ದರೆ ದೋಣಿಯ ಮೇಲೆ ಗಡಸು ನೀರಿನ ಉಪ್ಪೂ ಕೂತಿರುತ್ತದೆ. ಎರಡೂ ಬೆಳ್ಳಗೇ ಕಾಣುತ್ತವೆ, ಮದ್ದು ಮಾತ್ರ ಬೇರೆ. ನೀರು ಮುಟ್ಟುವ ಗೆರೆಯಲ್ಲಿ ಪಟ್ಟಿಯಂತೆ ಗಟ್ಟಿಯಾಗಿ ಕೂತಿದ್ದರೆ ಅದು ಉಪ್ಪು, ಸ್ಯಾಂಡ್ ಪೇಪರ್ ಹಾಕಿ ಕೆರೆಯಬೇಡಿ. ಬಿಳಿ ವಿನೆಗರ್‌ನಲ್ಲಿ ಬಟ್ಟೆ ನೆನೆಸಿ ಹತ್ತು ನಿಮಿಷ ಅಂಟಿಸಿ, ಉಜ್ಜಿ, ತೊಳೆಯಿರಿ. ಉಳಿದ ಬಿಳುಪಿಗೆ ಒದ್ದೆ ಕೈ ಸವರಿ ನೋಡಿ. ಕೆಂಪು ಹೊಳೆದು ಬಂದು, ಒಣಗಿದ ಮೇಲೆ ಮತ್ತೆ ಮಾಸಿದರೆ ಒಳ್ಳೇ ಸುದ್ದಿ, ಪಾಲಿಶ್‌ನಿಂದಲೇ ಬರುತ್ತದೆ.

ದೋಣಿಯನ್ನು ಹೊಂಡದಿಂದ ದೂರ ತನ್ನಿ, ಕೊಳೆನೀರು ಮೀನಿಗೆ ಹೋಗಬಾರದು. ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು, ಹಳೇ ವ್ಯಾಕ್ಸ್ ಇದ್ದರೆ ತಿನ್ನರ್ ಬಟ್ಟೆಯಿಂದ ಒರೆಸಿ. ನೆರಳಲ್ಲೇ ಕೆಲಸ ಮಾಡಿ. ಬಿಸಿಯಾದ ಮೈ ಮೇಲೆ ರಬ್ಬಿಂಗ್ ಕಾಂಪೌಂಡ್ (ತಿಕ್ಕಿ ಹೊಳಪು ತರುವ ಪೇಸ್ಟ್) ಹಾಕಿದರೆ ಒಣಗಿ ಅಂಟಿಕೊಳ್ಳುತ್ತದೆ, ಬಿಡಿಸೋದು ದೊಡ್ಡ ಕೆಲಸ.

ಮೊದಲು ಎರಡಡಿ ಜಾಗ ಮಾತ್ರ ಹಿಡಿಯಿರಿ. ಬರೀ ರಬ್ಬಿಂಗ್ ಕಾಂಪೌಂಡ್, ಉಣ್ಣೆ ಪ್ಯಾಡ್, ಬಫಿಂಗ್ ಮಷೀನ್ ನಿಧಾನ ಸ್ಪೀಡಿನಲ್ಲಿ. ಅದರಿಂದ ಹೊಳಪು ಬಂದರೆ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಸ್ಯಾಂಡ್ ಪೇಪರ್, ನಂಬರ್ ಹೆಚ್ಚಿದಷ್ಟೂ ನುಣುಪು) ಮುಟ್ಟಲೇಬೇಡಿ. ಬರದಿದ್ದರೆ ಮಾತ್ರ 1000 ನಂಬರ್, ನೀರು ಹಾಕುತ್ತಾ, ಆಮೇಲೆ 1500, 2000, ಮತ್ತೆ ಕಾಂಪೌಂಡ್. ತಿಕ್ಕುವಾಗ ಇಳಿಯುವ ನೀರು ಮೊದಲು ಮಂಕು ಗುಲಾಬಿ ಇರುತ್ತದೆ, ಪೇಪರ್ ಜಾರುತ್ತಾ ತೊಡರುತ್ತಾ ಹೋಗುತ್ತದೆ. ಸತ್ತ ಪದರ ಹೋದ ಮೇಲೆ ನೀರು ಗಾಢ ಕೆಂಪಾಗುತ್ತದೆ, ಕೈಗೆ ಒಂದೇ ಸಮ ನುಣುಪು ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿ ತಿಕ್ಕಿದ್ದೆಲ್ಲ ಇದ್ದ ಅರ್ಧ ಮಿಲಿಮೀಟರಿನಲ್ಲೇ ಕಳೆದುಕೊಂಡಂತೆ.

ಅಂಚುಗಳನ್ನು ಕೊನೆಗೆ ಬರೀ ಕೈಯಿಂದ ಮಾಡಿ, ಮೊದಲೇ ಟೇಪ್ ಹಚ್ಚಿಡಿ. ಕಲಿಯುವ ದಿನಗಳಲ್ಲಿ ನಾನು ಒಂದು ದೋಣಿಯ ಅಂಚಿಗೆ ಮಷೀನ್ ಒತ್ತಿ ಹಿಡಿದಿದ್ದೆ. ಕ್ಷಣದಲ್ಲಿ ಕೆಂಪು ಹೋಗಿ ಒಳಗಿನ ನೂಲು ಕಂಡಿತು. ಪಾಪ, ಅದರ ಮಾಲೀಕರು ಒಂದು ಮಾತೂ ಬೈಯಲಿಲ್ಲ, ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ. ಆ ಬಣ್ಣಕ್ಕೆ ಹೊಂದುವ ಜೆಲ್‌ಕೋಟ್ ಕಲೆಸೋದಕ್ಕೇ ಎರಡು ದಿನ ಹಿಡಿಯಿತು.

ಹೊಳಪು ಬಂದ ಮೇಲೆ ವ್ಯಾಕ್ಸ್ ತಪ್ಪಿಸಬೇಡಿ, ಎರಡು ಕೈ ಹಚ್ಚಿ. ಕಾಂಪೌಂಡ್ ಹೊಳಪು ತರುತ್ತದೆ, ಬಿಸಿಲು ತಡೆಯುವುದಿಲ್ಲ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಸವರಿದರೆ ನಾಲ್ಕು ದಿನ ಮಿಂಚಿ ಧೂಳು ಹಿಡಿಯುತ್ತದೆ. ಬಳಸದಾಗ ಬೋರಲು ಹಾಕಿ ಮೇಲೆ ತಾಡಪಾಲು ಹೊದಿಸಿ, ಆದರೆ ಗಾಳಿ ಆಡಲಿ. ವರ್ಷಕ್ಕೊಮ್ಮೆ, ಬೇಸಿಗೆ ಹತ್ತುವ ಮೊದಲು, ಮತ್ತೆ ವ್ಯಾಕ್ಸ್.

ಪೇಂಟ್ ಬೇಕಾಗುವುದು ಒಂದೇ ಸಂದರ್ಭದಲ್ಲಿ: ತಿಕ್ಕುವ ಮೊದಲೇ ಅಲ್ಲಲ್ಲಿ ನೂಲು ಕಾಣುತ್ತಿದ್ದರೆ. ಆಗಲೂ ಮನೆ ಗೇಟಿನ ಎನಾಮಲ್ ಬೇಡ, ಹಾರ್ಡ್ನರ್ ಬೆರೆಸುವ ಎರಡು ಡಬ್ಬಿಯ ಪಾಲಿಯುರೆಥೇನ್ ಪೇಂಟ್ ತಗೊಳ್ಳಿ. ಸದ್ಯಕ್ಕೆ ಆ ಎರಡಡಿ ಮಾಡಿ ಒದ್ದೆಯದೊಂದು, ಒಣಗಿದ್ದೊಂದು ಫೋಟೋ ಹಾಕಿ, ಪೇಪರ್ ಬೇಕಾ ಬೇಡವಾ ನೋಡಿ ಹೇಳುತ್ತೇನೆ.