ಮಾರ್ಕು ಕಡಿಮೆಯಾದರೆ ದೇವರಿಗೆ ಸಿಟ್ಟು ಬರುತ್ತಾ? ಐದನೇ ತರಗತಿಯ ಒಂದು ಪ್ರಕರಣ

ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹುಡುಗಿಯನ್ನು ಅನಿ ಅಂತ ಕರೆಯೋಣ. ಹತ್ತು ವರ್ಷ, ದಕ್ಷಿಣ ಕನ್ನಡದ ಒಂದು ಕಥೊಲಿಕ್ ಶಾಲೆಯಲ್ಲಿ ಐದನೇ ತರಗತಿ. ಅಪ್ಪ ಗಲ್ಫ್‌ನಲ್ಲಿ. ಮನೆಯಲ್ಲಿ ಅಮ್ಮ, ಅಜ್ಜಿ, ಪುಟ್ಟ ತಮ್ಮ.

ಸಮಯ 2024ರ ಮಾರ್ಚ್. ಆ ತಿಂಗಳು ಮಕ್ಕಳನ್ನು ಎಷ್ಟು ಕಾಡಿತು ಅಂತ ನೆನಪಿದೆಯಲ್ವಾ? ರಾಜ್ಯ ಪಠ್ಯಕ್ರಮದ 5, 8, 9ನೇ ತರಗತಿಗೆ ಮೌಲ್ಯಾಂಕನ ಪರೀಕ್ಷೆ, ಎಲ್ಲರ ಬಾಯಲ್ಲೂ ಅದು 'ಬೋರ್ಡ್ ಎಕ್ಸಾಮ್'. 6ನೇ ತಾರೀಕು ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆ ಬೇಡ ಎಂದಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂದು ಅರ್ಧಕ್ಕೇ ನಿಂತಿತು. 22ಕ್ಕೆ ಹೈಕೋರ್ಟ್ ಮತ್ತೆ ನಡೆಸಿ ಎಂದಿತು, 25ಕ್ಕೆ ಮತ್ತೆ ಶುರು. ಐದನೆಯ ಮಕ್ಕಳು ಎರಡು ಭಾಷಾ ಪತ್ರಿಕೆ ಬರೆದು, ಪರಿಸರ ಅಧ್ಯಯನ ಮತ್ತು ಗಣಿತ ಇದೆಯೋ ಇಲ್ಲವೋ ಗೊತ್ತಿಲ್ಲದೆ ಸುಮಾರು ಎರಡು ವಾರ ಪುಸ್ತಕ ಹಿಡಿದು ಕೂತರು. ಕ್ರೈಸ್ತ ಮನೆಗಳಲ್ಲಿ ಅದು ತಪಸ್ಸು ಕಾಲ (ಈಸ್ಟರ್‌ಗೆ ಮೊದಲಿನ ಉಪವಾಸ, ಪ್ರಾರ್ಥನೆಯ ದಿನಗಳು) ಬೇರೆ. 24 ಗರಿಗಳ ಭಾನುವಾರ, 29 ಶುಭ ಶುಕ್ರವಾರ, 31 ಈಸ್ಟರ್.

ಆ ನಡುವಿನ ದಿನಗಳಲ್ಲಿ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಆಪ್ತಸಲಹೆಗಾರ್ತಿಯಾದ ನನ್ನನ್ನು ಕರೆಸಿದರು. ಅನಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಮಕ್ಕಳ ಡಾಕ್ಟರಿಗೆ ತೋರಿಸಿದ್ದಾರೆ, ಏನೂ ತೊಂದರೆ ಇಲ್ಲ. (ಹೊಟ್ಟೆನೋವು ಅಂದ ಕೂಡಲೇ 'ಶಾಲೆಗೆ ಹೋಗದಿರಲು ನಾಟಕ' ಎನ್ನಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ಅವರು ಏನೂ ಇಲ್ಲ ಎಂದ ಮೇಲೂ ಆ ನೋವು ನಿಜವೇ. ಹೆದರಿದ ಮಗುವಿನ ಹೊಟ್ಟೆ ನಿಜವಾಗಿಯೂ ನೋಯುತ್ತದೆ.)

ಅವಳ ಗಣಿತದ ನೋಟ್‌ಬುಕ್ ತರಿಸಿ ನೋಡಿದೆ. ಲೆಕ್ಕ ಎಲ್ಲ ಸರಿ ಇತ್ತು. ಆದರೆ ಒಂದೊಂದು ಉತ್ತರವನ್ನೂ ಬರೆದು, ಅಳಿಸಿ, ಅದನ್ನೇ ಮತ್ತೆ ಬರೆದಿದ್ದಾಳೆ. ಭಿನ್ನರಾಶಿಯ ಪುಟದಲ್ಲಿ ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತಾಗಿ, ಆ ತೂತಿನ ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ ಮತ್ತೆ ಅದೇ ಉತ್ತರ.

ಪರೀಕ್ಷೆಯ ವಿಷಯ ನಾನಾಗಿ ಎತ್ತಲಿಲ್ಲ. ಚಿತ್ರ ಬಿಡಿಸುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ಅವಳೇ ಕೇಳಿದಳು: "ಟೀಚರ್, ಓದದೆ ಟಿವಿ ನೋಡಿದ್ದನ್ನ ಪಾಪನಿವೇದನೆಯಲ್ಲಿ ಹೇಳ್ಬೇಕಾ?"

ಆ ವರ್ಷವೇ ಅವಳಿಗೆ ಪ್ರಥಮ ಪರಮಪ್ರಸಾದ, ಅಂದರೆ ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ಸಂಸ್ಕಾರ. ದೊತೊರ್ನ್ (ಧರ್ಮಬೋಧನೆ) ತರಗತಿಯಲ್ಲಿ ಪಾಪನಿವೇದನೆಗೆ, ಅಂದರೆ ಫಾದರ್ ಎದುರು ತಪ್ಪುಗಳನ್ನು ಹೇಳಿಕೊಳ್ಳುವುದಕ್ಕೆ, ತಯಾರಿ ನಡೆಯುತ್ತಿತ್ತು. ಮನೆಯಲ್ಲಿ ಅಜ್ಜಿ ಬಾಲಯೇಸುವಿಗೆ ಹರಕೆ ಹೇಳಿಕೊಂಡಿದ್ದರು: ಮೊಮ್ಮಗಳಿಗೆ ಒಳ್ಳೆ ಮಾರ್ಕು ಬಂದರೆ ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸು ಮಂದಿರಕ್ಕೆ ಹೋಗಿ ಮೇಣದಬತ್ತಿ ಹಚ್ಚುತ್ತೇನೆ ಅಂತ. ಸಂಜೆಯ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಅವಳ ಪರೀಕ್ಷೆಗಾಗಿ ಒಂದು ಹೆಚ್ಚಿನ ಪ್ರಾರ್ಥನೆ. ಶಾಲೆಯ ಅಸೆಂಬ್ಲಿಯಲ್ಲೂ 'ನಮ್ಮ ಮಕ್ಕಳಿಗೆ ಉತ್ತಮ ಅಂಕ ಕೊಡು' ಎಂಬ ಬೇಡಿಕೆ. ಅಪ್ಪ ವಿಡಿಯೊ ಕಾಲ್‌ನಲ್ಲಿ, 40ಕ್ಕೆ 38 ಬಂದ ಕಿರುಪರೀಕ್ಷೆಯ ಬಗ್ಗೆ, "ಎರಡು ಎಲ್ಲಿ ಹೋಯ್ತು?" ಅಂತ ಕೇಳಿದ್ದರು. ಪ್ರೀತಿಯಿಂದಲೇ ಕೇಳಿದ್ದು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಹತ್ತು ವರ್ಷದ ತಲೆ ಇದನ್ನೆಲ್ಲ ಕೂಡಿಸಿ ಹಾಕಿದ ಲೆಕ್ಕ ಇದು: ಮಾರ್ಕು ಕಡಿಮೆಯಾದರೆ ಹರಕೆ ಕೆಡುತ್ತದೆ, ಅಜ್ಜಿಗೆ ಬೇಸರವಾಗುತ್ತದೆ, ದೇವರಿಗೂ ನನ್ನ ಮೇಲೆ ಸಿಟ್ಟು.

ಪರೀಕ್ಷೆಯ ಭಯ ಎಲ್ಲ ಶಾಲೆಯಲ್ಲೂ ಇದೆ. ಧರ್ಮ ಕಲಿಸುವ ಶಾಲೆಯಲ್ಲಿ ಅದಕ್ಕೆ ಈ ಇನ್ನೊಂದು ಗಂಟು ಬೀಳುತ್ತದೆ, ಇದನ್ನು ಬಿಚ್ಚಬೇಕಾದವರು ದೊಡ್ಡವರೇ. ಮಗುವಿಗೆ ಎಷ್ಟು ಧೈರ್ಯ ಹೇಳಿದರೂ ಅದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ.

ಮೊದಲು ಅಜ್ಜಿಯ ಹತ್ತಿರ ಮಾತಾಡಿದೆ. ಹರಕೆ ಬೇಡ ಎನ್ನಲಿಲ್ಲ, ಅದು ಅವರ ನಂಬಿಕೆ. ಹೇಳಿದ್ದು ಇಷ್ಟೇ: "ಮಾರ್ಕು ಬರುವವರೆಗೆ ಕಾಯ್ಬೇಡಿ. ಈ ವಾರವೇ ಅನಿಯನ್ನು ಕರ್ಕೊಂಡು ಹೋಗಿ ಬತ್ತಿ ಹಚ್ಚಿ. ಹುಡುಗಿ ಆರೋಗ್ಯವಾಗಿದ್ದಾಳೆ, ಶಾಲೆಗೆ ಹೋಗ್ತಿದ್ದಾಳೆ, ಅದಕ್ಕೆ ವಂದನೆ ಅಂತ ಅವಳಿಗೆ ಕೇಳುವ ಹಾಗೆ ಹೇಳಿ." ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆಯ್ತು ಬಾಯೆ, ದೇವರಿಗೆ ಮೊದಲೇ ಕೊಟ್ರೆ ಏನು ನಷ್ಟ" ಎಂದರು. ಈ ಅಜ್ಜಿಯ ಮೇಲೆ ನನಗೆ ಬಹಳ ಗೌರವ.

ಪಾಪದ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನಲ್ಲ. ನಾನು ಹೇಳಿದರೆ ಆ ಮಗುವಿಗೆ ಸಾಕಾಗುತ್ತಲೂ ಇರಲಿಲ್ಲ. ಅವಳ ಒಪ್ಪಿಗೆ ಕೇಳಿ ಫಾದರ್‌ಗೆ ವಿಷಯ ತಿಳಿಸಿದೆ. ಅವರು ಅವಳನ್ನೂ ಅಮ್ಮನನ್ನೂ ಕೂರಿಸಿಕೊಂಡು, ಕಡಿಮೆ ಮಾರ್ಕು ಪಾಪ ಅಲ್ಲ, ತಪ್ಪು ಉತ್ತರ ಪಾಪ ಅಲ್ಲ, ಹೆದರುವುದೂ ಪಾಪ ಅಲ್ಲ ಅಂತ ನೇರವಾಗಿ ಹೇಳಿದರು. ಕ್ರೈಸ್ತ ಶಾಲೆಯಲ್ಲಿ ಕೆಲಸ ಮಾಡುವ ಆಪ್ತಸಲಹೆಗಾರರಿಗೆ ಇದೊಂದು ಮಾತು: ಫಾದರ್, ಸಿಸ್ಟರ್, ದೊತೊರ್ನ್ ಕಲಿಸುವ ಟೀಚರ್ ಇವರನ್ನು ಜೊತೆಗೆ ಸೇರಿಸಿಕೊಳ್ಳಿ. ಕೆಲವು ಬಾಗಿಲು ಅವರು ತಟ್ಟಿದರೆ ಮಾತ್ರ ತೆರೆಯುತ್ತದೆ.

ಅಮ್ಮನ ಕಷ್ಟ ಬೇರೆ ಥರ. ಒಬ್ಬರೇ ಎಲ್ಲ ನೋಡಿಕೊಳ್ಳಬೇಕು, ಮೇಲಿಂದ ವಾಟ್ಸಾಪ್ ಗ್ರೂಪಿನಲ್ಲಿ ಪರೀಕ್ಷೆ ಇದೆ, ಇಲ್ಲ, ಮತ್ತೆ ಇದೆ ಅಂತ ರಾತ್ರಿಯವರೆಗೆ ಫಾರ್ವರ್ಡ್. ಪ್ರತಿಯೊಂದನ್ನೂ ಮಗಳ ಎದುರು ಜೋರಾಗಿ ಓದುತ್ತಿದ್ದರು. ಗ್ರೂಪನ್ನು ಮ್ಯೂಟ್ ಮಾಡಿ, ತರಗತಿ ಟೀಚರ್ ಕಳಿಸಿದ್ದನ್ನು ಮಾತ್ರ ನಂಬಿ, ಖಚಿತವಾದ ಮೇಲೆ ಒಮ್ಮೆ ಮಗಳಿಗೆ ಹೇಳಿ ಎಂದೆ. ಜೊತೆಗೆ ಅವಳಿಗೆ ಸತ್ಯ ಗೊತ್ತಿರಲಿ: ಇದರಲ್ಲಿ ಯಾರನ್ನೂ ಫೇಲ್ ಮಾಡುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿರಲೇ ಇಲ್ಲ! 'ಸಡಿಲ ಬಿಟ್ಟರೆ ಓದಲ್ಲ' ಎಂಬ ಹೆದರಿಕೆಯಿಂದ ದೊಡ್ಡವರು ಇದನ್ನು ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಪ್ರಾಥಮಿಕ ಶಾಲೆಯ ಮಗುವಿಗೆ ತನ್ನ ಮುಂದೆ ಇರುವುದು ಏನು, ಎಷ್ಟು ದೊಡ್ಡದು ಅಂತ ತಿಳಿಯುವ ಹಕ್ಕಿದೆ.

ಅಪ್ಪನಿಗೆ ಫೋನಿನಲ್ಲಿ ಒಂದೇ ಕೆಲಸ ಕೊಟ್ಟೆ. ಕಾಲ್ ಮಾಡಿದಾಗ ಮೊದಲ ಪ್ರಶ್ನೆ ಮಾರ್ಕಿನದ್ದು ಆಗಬಾರದು. ಏನು ತಿಂದೆ, ತಮ್ಮ ಏನು ತುಂಟಾಟ ಮಾಡಿದ, ಹೀಗೆ ಏನಾದರೂ ಕೇಳಲಿ.

ಅನಿಗೆ ಕಲಿಸಿದ್ದು ಜಾಸ್ತಿ ಏನಿಲ್ಲ. ಒಂದು ಕೈ ಬಿಡಿಸಿ ಹಿಡಿದು, ಇನ್ನೊಂದು ಕೈಯ ತೋರುಬೆರಳಿನಿಂದ ಹೆಬ್ಬೆರಳ ಬುಡದಿಂದ ಗೆರೆ ಎಳೆದ ಹಾಗೆ ಹೋಗುವುದು, ಮೇಲೆ ಹತ್ತುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ, ಐದೂ ಬೆರಳು. ಮನೆ ಅಭ್ಯಾಸಕ್ಕೆ ರಬ್ಬರ್ ಇಲ್ಲ. ತಪ್ಪಾದರೆ ಒಂದು ಗೆರೆ ಹೊಡೆದು ಪಕ್ಕದಲ್ಲಿ ಬರೆಯುವುದು. ರಾತ್ರಿ ಒಂಬತ್ತಕ್ಕೆ ಮಲಗುವುದು. ಬೆಳಿಗ್ಗೆ ಎರಡು ನೀರುದೋಸೆಯಾದರೂ ಹೊಟ್ಟೆಗೆ ಬೀಳಲೇಬೇಕು.

ಸಿಸ್ಟರ್ ಅಸೆಂಬ್ಲಿಯ ಪ್ರಾರ್ಥನೆ ಬದಲಿಸಿದರು. ಅಂಕ ಬೇಡುವುದು ಬಿಟ್ಟು, ಹೆದರಿದವರಿಗೆ ಸಮಾಧಾನ, ಪಕ್ಕದವರಿಗೆ ಸಹಾಯ ಮಾಡುವ ಮನಸ್ಸು ಕೇಳಿದರು. ಅಲ್ಲಿ ಹಿಂದೂ, ಮುಸ್ಲಿಂ ಮಕ್ಕಳೂ ಬಹಳ ಜನ ಇದ್ದಾರೆ, ಅವರ ಹೊಟ್ಟೆಯೂ ಅಷ್ಟೇ ನೋಯುತ್ತದೆ. ಮೈಕಿನಲ್ಲಿ ಅಂಕ ಓದುವ ಪದ್ಧತಿಯನ್ನೂ ನಿಲ್ಲಿಸಲು ಕೇಳಿಕೊಂಡೆ. ಅದಕ್ಕೆ ಸ್ವಲ್ಪ ವಾದವಾಯಿತು, ಕೊನೆಗೆ ಒಂದರಿಂದ ಐದನೆಯವರೆಗೆ ಒಪ್ಪಿದರು.

ಅನಿ ಉಳಿದ ಎರಡೂ ಪತ್ರಿಕೆ ಬರೆದಳು. ಗಣಿತದ ದಿನ ಬೆಳಿಗ್ಗೆ ಹೊಟ್ಟೆನೋವು ಬಂತು, ಆದರೂ ಹೋದಳು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಅಜ್ಜಿಯ ಹರಕೆ ಆಗಲೇ ತೀರಿತ್ತು. ಆರನೆಯಲ್ಲೂ ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆ ಸ್ವಲ್ಪ ಚುರುಕ್ ಎನ್ನುತ್ತದೆ, ಬೆರಳು ಎಣಿಸಿಕೊಂಡು ಹೋಗುತ್ತಾಳೆ ಅಂತ ಅಮ್ಮ ಹೇಳಿದರು.

ನಿಮ್ಮ ಮಗು ಪರೀಕ್ಷೆ ಮುಗಿದ ಮೇಲೂ ಊಟ, ನಿದ್ದೆ ಬಿಟ್ಟಿದ್ದರೆ, ಶಾಲೆಗೆ ಹೋಗುವುದನ್ನೇ ನಿಲ್ಲಿಸಿದ್ದರೆ, ಅಥವಾ 'ನಾನು ಇರಬಾರದಿತ್ತು' ಎಂಬಂಥ ಮಾತಾಡಿದರೆ ಮನೆಮದ್ದು ಸಾಲದು, ಅದೇ ದಿನ ತಜ್ಞರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.