ಕೆಳಗೆ ಸಿಮೆಂಟ್ ಹಾಕಿ ಮೇಲೆ ಕಾಂಪೋಸಿಟ್ ಫಿಲ್ಲಿಂಗ್ ಮಾಡಿದ್ದಾರೆ. ಎರಡೂ ಸರಿಯಾಗಿ ಅಂಟುತ್ತವಾ, ಮೇಲಿನದು ಕಳಚಿ ಬೀಳಲ್ವಾ?

ಅಂಟುತ್ತವೆ. ಎಷ್ಟು ಗಟ್ಟಿಯಾಗಿ ಅನ್ನೋದು ಕೆಳಗಿರುವ ಸಿಮೆಂಟ್ ಯಾವುದು ಅನ್ನೋದರ ಮೇಲಿದೆ. ನಾನು ಹಲ್ಲಿನ ಡಾಕ್ಟರ್. ಹುಳುಕು ಆಳವಾಗಿದ್ದರೆ ನಾನೂ ಹೀಗೆ ಎರಡು ಪದರ ಹಾಕುತ್ತೇನೆ.

ಸಾಮಾನ್ಯವಾಗಿ ಕೆಳಗೆ ಹಾಕುವುದು ಗ್ಲಾಸ್ ಅಯೋನೊಮರ್. ಇದಕ್ಕೆ ಬೇರೆ ಅಂಟು ಬೇಡ, ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ಬೆಸೆದುಕೊಳ್ಳುತ್ತದೆ. ಸ್ವಲ್ಪ ಸ್ವಲ್ಪ ಫ್ಲೋರೈಡ್ ಕೂಡ ಬಿಡುತ್ತದೆ. ತೊಡಕಿರುವುದು ಮೇಲಿನ ಪದರದ ಜೊತೆ. ಈ ಸಿಮೆಂಟ್ ಗಟ್ಟಿಯಾಗಲು ನೀರು ಬೇಕು. ಕಾಂಪೋಸಿಟ್ ಅಂದರೆ ಹಲ್ಲಿನ ಬಣ್ಣದ ರೆಸಿನ್, ಪ್ಲಾಸ್ಟಿಕ್‌ನಂಥ ವಸ್ತು; ಅದಕ್ಕೆ ನೀರು ಆಗಿಬರುವುದಿಲ್ಲ. ಅದಕ್ಕೇ ನಡುವೆ ತೆಳ್ಳಗೆ ಬಾಂಡಿಂಗ್ ಏಜೆಂಟ್ ಅನ್ನೋ ಅಂಟು ಹಚ್ಚುತ್ತೇವೆ. ಅದು ಸಿಮೆಂಟಿನ ಒರಟು ಮೈಯ ಸಣ್ಣ ಸಂದುಗಳಿಗೆ ಇಳಿಯುತ್ತದೆ, ಲೈಟ್ ಹಿಡಿದಾಗ ಅಲ್ಲೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. 1980ರ ದಶಕದಲ್ಲಿ ಈ ವಿಧಾನ ಬಂದಾಗ ಸಿಮೆಂಟಿಗೂ ಫಾಸ್ಫಾರಿಕ್ ಆಸಿಡ್ ಹಚ್ಚಿ ಒರಟು ಮಾಡುತ್ತಿದ್ದರು. ಸಿಮೆಂಟ್ ಇನ್ನೂ ಹಸಿಯಿದ್ದಾಗ ಹಚ್ಚಿದರೆ, ಅಥವಾ ಜಾಸ್ತಿ ಹೊತ್ತು ಬಿಟ್ಟರೆ, ಅದರ ಮೈಯೇ ಸವೆದು ದುರ್ಬಲವಾಗುತ್ತದೆ.

ರೆಸಿನ್ ಬೆರೆಸಿದ ಗ್ಲಾಸ್ ಅಯೋನೊಮರ್ ಕೂಡ ಬರುತ್ತದೆ. ನನಗೆ ಅದೇ ಇಷ್ಟ. ಅದರೊಳಗಿನ ರೆಸಿನ್ ಬಾಂಡಿಂಗ್ ಏಜೆಂಟ್ ಜೊತೆ ರಾಸಾಯನಿಕವಾಗಿಯೂ ಸೇರಿಕೊಳ್ಳುವುದರಿಂದ ಹಿಡಿತ ಚೆನ್ನಾಗಿರುತ್ತದೆ. ಲೈಟ್ ಹಿಡಿದ ಕೂಡಲೇ ಗಟ್ಟಿಯಾಗುತ್ತದೆ, ಮೇಲಿನ ಪದರಕ್ಕೆ ಕಾಯಬೇಕಾಗಿಲ್ಲ.

ಇನ್ನು ಕಳಚಿ ಬೀಳುವ ಭಯ. ಸುಮ್ನೆ ಈ ಎರಡರ ಜೋಡಣೆಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಬಿನಲ್ಲಿ ಇವನ್ನು ಕಿತ್ತು ನೋಡಿದಾಗ ಎಷ್ಟೋ ಸಲ ಒಡೆಯುವುದು ಜೋಡಣೆ ಅಲ್ಲ, ಸಿಮೆಂಟೇ. ಅದಕ್ಕಿಂತ ಮುಖ್ಯವಾಗಿ, ಕಾಂಪೋಸಿಟ್ ಬರೀ ಸಿಮೆಂಟನ್ನು ನಂಬಿ ಕೂತಿರುವುದಿಲ್ಲ. ಸುತ್ತಲಿನ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಅಂಚಿಗೆ ಆಸಿಡ್ ಹಚ್ಚಿ, ತೊಳೆದು, ಒಣಗಿಸಿದಾಗ ಅದು ಸೀಮೆಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತದೆ. ಕಾಂಪೋಸಿಟ್ ನಿಜವಾಗಿ ಗಟ್ಟಿ ಹಿಡಿಯುವುದು ಅಲ್ಲಿ. ಆ ಹೊತ್ತಿಗೆ ಎಂಜಲೋ ರಕ್ತವೋ ತಾಗಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಬಾಯಿಗೆ ಅಷ್ಟೊಂದು ಹತ್ತಿ ತುರುಕುವುದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಒಂದು ಸಿಮೆಂಟ್ ಮಾತ್ರ ಕಾಂಪೋಸಿಟ್ ಕೆಳಗೆ ಬೇಡ: ಲವಂಗದ ವಾಸನೆ ಬರುವ ಜಿಂಕ್ ಆಕ್ಸೈಡ್ ಯೂಜಿನಾಲ್. ತಾತ್ಕಾಲಿಕ ಫಿಲ್ಲಿಂಗಿಗೆ ಅದು ಒಳ್ಳೆಯದೇ. ಆದರೆ ಅದರಲ್ಲಿರುವ ಯೂಜಿನಾಲ್, ಕಾಂಪೋಸಿಟ್‌ನ ರೆಸಿನ್ ಪೂರ್ತಿ ಗಟ್ಟಿಯಾಗಲು ಬಿಡುವುದಿಲ್ಲ. ನಿಮಗೆ ಮೊದಲು ಅದನ್ನು ಹಾಕಿದ್ದರೆ, ಡಾಕ್ಟರ್ ಪೂರ್ತಿ ಕೆರೆದು ತೆಗೆದರಾ ಅಂತ ಒಮ್ಮೆ ಕೇಳಿ ನೋಡಿ.